ಎರಡು ಕಾರು, ಒಂದು ಹಂಡೆ

ಸಾಣೆಗುರುವನಹಳ್ಳಿಯಲ್ಲಿ ಅಣ್ಣತಮ್ಮಂದಿರು ಬೇರೆಯಾಗುವುದಕ್ಕೆ ಒಂದು ಕಟ್ಟಳೆಯಿತ್ತು. ಪಾಲು ಹಾಕುವವನು ಅಣ್ಣ, ಆರಿಸಿಕೊಳ್ಳುವವನು ತಮ್ಮ. ಅಣ್ಣ ಎರಡು ಪಾಲನ್ನೂ ಅಂಗಳದಲ್ಲಿ ಎದುರುಬದುರಾಗಿ ಇಟ್ಟು ಪಕ್ಕಕ್ಕೆ ಸರಿಯಬೇಕು. ತಮ್ಮ ನೋಡಿ ತನಗೆ ಬೇಕಾದ್ದನ್ನು ಹಿಡಿಯಬಹುದು, ಮಿಕ್ಕದ್ದು ಅಣ್ಣನದು. ಈ ಏರ್ಪಾಟು ಮಾಡಿದ ಹಿರಿಯರು ಅಣ್ಣಂದಿರನ್ನು ಚೆನ್ನಾಗಿ ಬಲ್ಲವರಾಗಿದ್ದರು ಅಂತ ಕಾಣುತ್ತದೆ. ಆರಿಸುವಾಗ ಇಬ್ಬರೂ ಮಾತಾಡುವ ಹಾಗಿರಲಿಲ್ಲ. ಅಣ್ಣ ಬಾಯಿಬಿಟ್ಟರೆ ಅವನ ಮನಸ್ಸು ಯಾವ ಪಾಲಿನ ಮೇಲಿದೆಯೆಂದು ದನಿಯಲ್ಲೇ ತಿಳಿದುಬಿಡುತ್ತದೆ. ತಮ್ಮ ಏನಾದರೂ ಕೇಳಿದರೆ ಅವನ ಕಣ್ಣು ಯಾವುದರ ಮೇಲಿದೆಯೆಂದು ಗೊತ್ತಾಗುತ್ತದೆ. ಅಂಗಳದಲ್ಲಿ ಕಣ್ಣಿಗೆ ಕಂಡದ್ದಷ್ಟೇ ಪಾಲು.

ಇದರ ಜೊತೆಗೆ ಯಾರೂ ಬಾಯಿಬಿಟ್ಟು ಹೇಳದ, ಆದರೆ ಎಲ್ಲರೂ ಗಮನಿಸುವ ಇನ್ನೊಂದು ಸಂಗತಿಯಿತ್ತು. ತಮ್ಮನಾದವನು ಬಂದವನೇ ಒಂದು ಪಾಲಿನ ಮೇಲೆ ಕೈಯಿಟ್ಟುಬಿಟ್ಟರೆ ಅಣ್ಣನ ಮಾನ ಹೋದಂತೆ. ಒಂದು ಕಡೆ ತೂಕ ಹೆಚ್ಚೆಂದು ಅಷ್ಟು ಬೇಗ ಕಾಣುವ ಹಾಗೆ ಪಾಲು ಹಾಕಿದವನು ಒಂದೋ ದಡ್ಡ, ಇಲ್ಲವೇ ಮೋಸಗಾರ. ತಮ್ಮ ಎಷ್ಟು ಹೊತ್ತು ತಿಣುಕಾಡುತ್ತಾನೋ ಅಣ್ಣನ ಹೆಸರು ಅಷ್ಟು ದೊಡ್ಡದು. ಮುನಿವೆಂಕಟಪ್ಪನ ತಂದೆ ದೊಡ್ಡಹನುಮಯ್ಯ ಪಾಲು ಹಾಕಿದಾಗ ಅವನ ತಮ್ಮ ಬೆಳಿಗ್ಗೆ ರೊಟ್ಟಿ ತಿಂದು ಅಂಗಳದಲ್ಲಿ ಕೂತವನು, ಸಂಜೆ ದನ ಮನೆಗೆ ಬರುವವರೆಗೂ ಆರಿಸಲಾರದೆ ಒದ್ದಾಡಿದ್ದನಂತೆ. ಅವತ್ತಿನಿಂದ ಊರಿನಲ್ಲಿ ಯಾರಾದರೂ ಹಲಸಿನ ಹಣ್ಣನ್ನು ಸಮವಾಗಿ ಸೀಳಿದರೂ ಸಾಕು, 'ದೊಡ್ಡಹನುಮಯ್ಯನ ಪಾಲು' ಅನ್ನುತ್ತಿದ್ದರು.

ಐವತ್ತೊಂಬತ್ತನೆಯ ಇಸವಿಯ ಸಂಕ್ರಾಂತಿ ಕಳೆದ ಮೇಲೆ ಪಾಲು ಹಾಕುವ ಸರದಿ ಮುನಿವೆಂಕಟಪ್ಪನಿಗೆ ಬಂತು. ಜಗಳವೇನೂ ಆಗಿರಲಿಲ್ಲ. ಒಲೆ ಒಂದು, ಉಪ್ಪು ಹಾಕುವ ಕೈ ಎರಡು, ಅಷ್ಟೇ. ಹೆಂಡತಿ ಅಕ್ಕಯ್ಯಮ್ಮ ಸಾರಿಗೆ ಉಪ್ಪು ಹಾಕಿ ಕೊಟ್ಟಿಗೆಗೆ ಹೋದರೆ, ತಮ್ಮ ಕೃಷ್ಣಪ್ಪನ ಹೆಂಡತಿ ವಿಮಲಮ್ಮ ಬಂದು, ಹಾಕಿದ್ದಾರೋ ಇಲ್ಲವೋ ಅಂತ ಇನ್ನೊಂದು ಹಿಡಿ ಹಾಕುವಳು. ಮನೆಯ ನಡುವೆ ಒಂದು ಗೋಡೆ ಎಬ್ಬಿಸುವುದು ಎಲ್ಲರ ನಾಲಿಗೆಗೂ ಒಳ್ಳೆಯದು ಅಂತ ತೀರ್ಮಾನವಾಯಿತು. ತಾಯಿ ಬೋರಮ್ಮ, "ಗೋಡೆ ಯಾವ ಕಡೆ ಬೇಕಾದ್ರೂ ಹಾಕ್ಕಳಿ, ಜಗಲಿ ನಂದು," ಅಂದಳು.

ಗೋಡೆ ಎದ್ದಿತು; ಅವರವರು ಮಲಗುತ್ತಿದ್ದ ಕಡೆ ಅವರವರಿಗೆ ಅಂತ ಒಲೆ, ಬಚ್ಚಲು ಎರಡಾದವು. ಹೊಲಗಳದ್ದೂ ಕಷ್ಟವಾಗಲಿಲ್ಲ. ಬೆಂಗಳೂರಿನ ಟ್ರಸ್ಟ್ ಬೋರ್ಡಿನವರು ರಾಜಾಜಿನಗರ ಬಡಾವಣೆ ಮಾಡುತ್ತೇವೆಂದು ಒಂದೊಂದಾಗಿ ತೆಗೆದುಕೊಂಡು, ಮಿಕ್ಕಿದ್ದೇ ಎರಡು. ಒಂದರಲ್ಲಿ ಬಾವಿಯಿತ್ತು, ಇನ್ನೊಂದರಲ್ಲಿ ಮಣ್ಣು ಚೆನ್ನಾಗಿತ್ತು. ಮುನಿವೆಂಕಟಪ್ಪ ಒಂದು ಬೆಳಿಗ್ಗೆ ನಡೆದಾಡಿ, ಮಣ್ಣನ್ನು ಕೈಯಲ್ಲಿ ಹಿಸುಕಿ ನೋಡಿ, ಮಧ್ಯಾಹ್ನದ ಊಟದ ಹೊತ್ತಿಗೆ ಅದನ್ನು ಮುಗಿಸಿದ. ಬಾಡಿಗೆಗೆ ಕೊಟ್ಟಿದ್ದ ವಠಾರದ ಮನೆಗಳೂ ಸರಾಗವಾಗಿ ಎರಡಾದವು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ಬೆಲೆ ಹೇಳಿದನೆಂದರೆ ದಲ್ಲಾಳಿಗಳೂ ಮರುಮಾತಾಡದ ಮನುಷ್ಯ ಅವನು. ಅವನನ್ನು ನಿಲ್ಲಿಸಿದ್ದು ಕಾರು.

ಕಾರುಗಳು ಎರಡಿದ್ದವು. ಜಮೀನು ಮೊದಲ ಸಲ ಹೋದಾಗ ಬಂದ ಪರಿಹಾರದಲ್ಲಿ ದೊಡ್ಡಹನುಮಯ್ಯ ಒಂದು ಅಮೆರಿಕದ ಪ್ಲಿಮತ್ ಕೊಂಡಿದ್ದ. ದಂಡಿನ ಕಡೆಯ ಯಾರೋ ದೊರೆ ಊರಿಗೆ ಹೊರಟಾಗ ಮಾರಿದ್ದು, ನಲವತ್ತೇಳರ ಮಾಡಲ್ಲು. ಮುದುಕ ಸಾಯುವವರೆಗೂ ಅದರ ಹಿಂದಿನ ಸೀಟಿನಲ್ಲಿ, ಪಕ್ಕದಲ್ಲೊಂದು ಹುಲ್ಲಿನ ಹೊರೆ ಇಟ್ಟುಕೊಂಡು, ಮಾಗಡಿ ರಸ್ತೆಯಲ್ಲಿ ಓಡಾಡಿದ. ಒಂದು ಸಲ ಕರುವೂ ಅದರಲ್ಲಿ ಬಂದಿತ್ತು. ಎರಡನೇ ಸಲ ಜಮೀನು ಹೋದಾಗ ಅಣ್ಣತಮ್ಮಂದಿರು ಸೇರಿ ಹೊಸದೊಂದು ಲ್ಯಾಂಡ್‌ಮಾಸ್ಟರ್ ಬುಕ್ ಮಾಡಿ, ಕಾದು ಕಾದು, ಐವತ್ತಾರರಲ್ಲಿ ತಂದರು. ಪ್ಲಿಮತ್ ಅಂಗಳದ ಹುಣಿಸೆಮರದ ಕೆಳಗೆ, ಲ್ಯಾಂಡ್‌ಮಾಸ್ಟರ್ ಎದುರಿಗೆ ತಗಡಿನ ಚಪ್ಪರದಲ್ಲಿ. ಎರಡನ್ನೂ ಓಡಿಸುವವನು ಕೃಷ್ಣಪ್ಪ. ಮುನಿವೆಂಕಟಪ್ಪನಿಗೆ ಓಡಿಸಲು ಬಾರದು. ಕಲಿಯುವ ಆಸೆಯೂ ಇರಲಿಲ್ಲ.

ಒಂದೊಂದು ಪಾಲಿಗೆ ಒಂದೊಂದು ಕಾರು ಅನ್ನುವುದು ಸುಲಭ. ಆದರೆ ಯಾವ ಕಾರು ಯಾವುದಕ್ಕಿಂತ ಎಷ್ಟು ಹೆಚ್ಚು? ಕಡಿಮೆಯಾದ ಕಡೆಗೆ ಏನು ಸೇರಿಸಬೇಕು? ಸೇರಿಸುವುದಕ್ಕೆ ಅಂತ ಒಂದು ಎಮ್ಮೆ, ಒಂದು ತೇಗದ ಬೆಂಚು, ಬೋರಮ್ಮನ ತವರಿನಿಂದ ಬಂದ ತಾಮ್ರದ ದೊಡ್ಡ ಹಂಡೆ, ಇಷ್ಟನ್ನು ತೆಗೆದಿಟ್ಟಿದ್ದರು. ಹಂಡೆಯನ್ನು ಕೊಡುವಾಗ ಬೋರಮ್ಮ, "ನನ್ನಂತೂ ಪಾಲು ಮಾಡಕಾಗಲ್ಲ, ಇದನ್ನಾದ್ರೂ ಹಾಕ್ಕಳ್ಲಾ," ಅಂದಿದ್ದಳು.

ಮುನಿವೆಂಕಟಪ್ಪ ಮೊದಲು ಕೇಳಿದ್ದು ಲಕ್ಷ್ಮೀಪತಿಯನ್ನು. ಲಕ್ಷ್ಮೀಪತಿ ಅವರ ವಠಾರದ ಮೊದಲ ಮನೆಯ ಬಾಡಿಗೆದಾರ. ಸೈಕಲ್ಲಿನಲ್ಲಿ ಸರ್ಕಾರಿ ಕಚೇರಿಗೆ ಹೋಗಿಬರುವ ಗುಮಾಸ್ತ. ಪೇಪರನ್ನು ಮೊದಲ ಅಕ್ಷರದಿಂದ ಮುದ್ರಕರ ಹೆಸರಿನವರೆಗೆ ಓದುವವನು.

"ಡಿಪ್ರಿಸಿಯೇಷನ್ ಅಂತ ಒಂದಿದೆ, ಗೌಡ್ರೇ," ಅಂದ ಲಕ್ಷ್ಮೀಪತಿ. "ಕಾರು ಅಂಗಡಿಯಿಂದ ಆಚೆ ಬಂದ ಗಳಿಗೆಯಿಂದ ಬೆಲೆ ಇಳಿಯೋಕೆ ಶುರು. ವರ್ಷಕ್ಕೆ ಇಷ್ಟಿಷ್ಟು ಅಂತ ಕಳೀತಾ ಹೋಗ್ಬೇಕು."

"ಎಲ್ಲೀಗಂಟ?"

"ಏನೂ ಉಳಿಯೋದಿಲ್ವಲ್ಲ, ಅಲ್ಲೀ ತನಕ."

"ಹಂಗಾದ್ರೆ ನಮ್ಮಪ್ಪನ ಕಾರು?"

ಲಕ್ಷ್ಮೀಪತಿ ಬೆರಳು ಮಡಿಸಿ ನೋಡಿದ. "ಲೆಕ್ಕದ ಪ್ರಕಾರ ಅದು ಹೋದ ವರ್ಷವೇ ಮುಗಿದುಹೋಗಿದೆ."

ಮುನಿವೆಂಕಟಪ್ಪ ಹುಣಿಸೆಮರದ ಕಡೆ ತಿರುಗಿದ. ಪ್ಲಿಮತ್ ಮುಗಿದುಹೋದ ಹಾಗೆ ಕಾಣಲಿಲ್ಲ. ಬೆಳಿಗ್ಗೆ ತಾನೇ ಕೃಷ್ಣಪ್ಪ ಅದರಲ್ಲಿ ಕೆಂಗೇರಿಗೆ ಹೋಗಿ ಹಿಂಡಿ ಮೂಟೆ ತಂದಿದ್ದ. ಆದರೂ ಓದಿದವರ ಮಾತು. ಎತ್ತಿಗೂ ವಯಸ್ಸಾದ ಮೇಲೆ ಬೆಲೆ ಇಳಿಯುತ್ತದಲ್ಲ ಅಂದುಕೊಂಡು, ಎಮ್ಮೆಯನ್ನು ಹುಣಿಸೆಮರಕ್ಕೆ ಕಟ್ಟಿಸಿದ. ಬೆಂಚನ್ನೂ ಹಂಡೆಯನ್ನೂ ಪ್ಲಿಮತ್ತಿನ ಪಕ್ಕ ಇಡಿಸಿದ. ಎರಡೂ ಕಡೆ ಸಮನಾಯಿತು ಅನ್ನಿಸಿತು. ಅವತ್ತು ಒಳ್ಳೆಯ ನಿದ್ದೆ ಬಂತು.

ಆ ವಾರ ಕಳೆಯುವುದರೊಳಗೆ ಲಕ್ಷ್ಮೀಪತಿಯೇ ಪೇಪರು ಹಿಡಿದುಕೊಂಡು ಬಂದ. ಅವನ ಮುಖದಲ್ಲಿ, ಲೆಕ್ಕ ತಪ್ಪಿದ್ದಕ್ಕಿಂತ ಲೆಕ್ಕವೇ ತನಗೆ ಮೋಸ ಮಾಡಿತೆನ್ನುವ ನೋವಿತ್ತು.

"ಇಲ್ಲೊಂದು ಜಾಹೀರಾತಿದೆ, ಗೌಡ್ರೇ. ಯಾರೋ ಲ್ಯಾಂಡ್‌ಮಾಸ್ಟರ್ ಬೇಕು ಅಂತ ಕೇಳಿದಾರೆ. ಹಳೇದು. ನೀವು ಹೊಸದಕ್ಕೆ ಕೊಟ್ರಲ್ಲ, ಅದಕ್ಕಿಂತ ಜಾಸ್ತಿ ಕೊಡ್ತಾರಂತೆ."

"ಓಡಿಸಿ ಸವೆಸಿದ್ದಕ್ಕೆ ಜಾಸ್ತೀನಾ?"

"ಹೊಸ ಕಾರಿಗೆ ವರ್ಷಗಟ್ಟಲೆ ಕಾಯ್ಬೇಕು. ಕಾಯೋಕಾಗದವರು ಹಳೇದಕ್ಕೇ ಜಾಸ್ತಿ ಕೊಡ್ತಾರೆ."

"ಡಿಪ್ರಿ... ಅದೇನಾಯ್ತು ಮತ್ತೆ?"

"ಅದು ಪುಸ್ತಕದಲ್ಲಿ ಇದೆ," ಅಂದ ಲಕ್ಷ್ಮೀಪತಿ, ಸ್ವಲ್ಪ ತಗ್ಗಿದ ದನಿಯಲ್ಲಿ.

ಮುನಿವೆಂಕಟಪ್ಪ ಜಗಲಿಯ ಮೇಲೆ ಬಹಳ ಹೊತ್ತು ಕೂತ. ಉತ್ತು ಉತ್ತು ಹೆಗಲು ಸವೆದ ಎತ್ತಿಗೆ ಕರುವಿಗಿಂತ ಹೆಚ್ಚು ಬೆಲೆ ಬರುವುದು ಅವನು ಕಂಡದ್ದೇ. ಪಳಗಿದ ಎತ್ತಿಗೆ ಬೆಲೆಯುಂಟು. ಆದರೆ ಕಾರು ಏನನ್ನು ಕಲಿತಿದೆ? ಮೂರು ವರ್ಷದಲ್ಲಿ ಅದು ಕಲಿತದ್ದೆಂದರೆ ಚಳಿಗಾಲದ ಬೆಳಿಗ್ಗೆ ತಳ್ಳದೆ ಹೊರಡಬಾರದು ಅನ್ನುವುದೊಂದೇ.

ದೊಡ್ಡ ವ್ಯಾಪಾರಿಯನ್ನೇ ಕೇಳಿಬಿಡೋಣವೆಂದು ಹೊರಟ. ಹಳೇ ಕಾರು ಕೊಡಿಸುವ, ಮಾರಿಸುವ ಪುರುಷೋತ್ತಮ ಕಲಾಸಿಪಾಳ್ಯದಲ್ಲಿದ್ದ. ಅಲ್ಲಿಗೆ ಹೋಗುವುದಕ್ಕೆ ಕಾರು ಬೇಕು. ಕಾರಿಗೆ ಕೃಷ್ಣಪ್ಪ ಬೇಕು. ಹೀಗಾಗಿ ತಮ್ಮನಿಗೆ ತಿಳಿಯಬಾರದ ಬೆಲೆಯನ್ನು ತಿಳಿಯುವುದಕ್ಕೆ ತಮ್ಮನೇ ಅಣ್ಣನನ್ನು ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಇಬ್ಬರೂ ಅವರೆಕಾಯಿಯ ಫಸಲಿನ ವಿಷಯ ಮಾತಾಡಿದರು. ಅಂಗಡಿಯ ಮುಂದೆ ಪ್ಲಿಮತ್ ನಿಲ್ಲಿಸಿ ಕೃಷ್ಣಪ್ಪ, "ನಾನು ಒಳಗೆ ಬರಲ್ಲ, ಅಣ್ಣ. ನೀನು ಹೋಗ್ಬಾ," ಅಂದು ಮರ್ಯಾದೆಯಿಂದ ಬೇರೆ ಕಡೆ ಮುಖ ಮಾಡಿ ಕೂತ.

ಪುರುಷೋತ್ತಮ ಬಿಳಿ ಷರ್ಟು, ಬಾಯಿ ತುಂಬ ಎಲೆಯಡಿಕೆ. ಕಿಟಕಿಯಿಂದ ಪ್ಲಿಮತ್ತನ್ನು ಒಂದು ಸಲ ನೋಡಿ, ಎಲೆಯಡಿಕೆ ಉಗಿದು ಬಂದು, "ಹೇಳಿ ಸಾರ್. ಮಾರೋದಾ, ಕೊಳ್ಳೋದಾ?" ಅಂದ.

"ಬೆಲೆ ಹೇಳಿ ಸಾಕು."

"ಅದನ್ನೇ ಕೇಳಿದ್ದು. ಮಾರೋರ ಬೆಲೆ ಹೇಳ್ಲಾ, ಕೊಳ್ಳೋರ ಬೆಲೆ ಹೇಳ್ಲಾ?"

"ಎರಡೂ ಬೇರೆ ಬೇರೆನಾ?"

"ಒಂದೇ ಆಗಿದ್ರೆ ನಾನು ಊಟ ಮಾಡೋದು ಹೇಗೆ, ಸಾರ್?"

ಮುನಿವೆಂಕಟಪ್ಪ ಯೋಚಿಸಿದ. "ನಾನು ಮಾರಲ್ಲ, ಕೊಳ್ಳೋದೂ ಇಲ್ಲ. ಮನೇಲೇ ಇಟ್ಕತೀವಿ. ಅದಕ್ಕೇನು ಬೆಲೆ?"

ಪುರುಷೋತ್ತಮ ಅವನನ್ನು ಕನಿಕರದಿಂದ ನೋಡಿದ. "ಮನೇಲೇ ಇಟ್ಕೊಳ್ಳೋ ಕಾರಿಗೆ ಬೆಲೆ ಅನ್ನೋದು ಇರಲ್ಲ, ಸಾರ್. ಅದು ಸಾಮಾನು."

ಆದರೂ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಒಂದಿಷ್ಟು ಬುದ್ಧಿ ಹೇಳಿದ. ಲ್ಯಾಂಡ್‌ಮಾಸ್ಟರನ್ನು ನಂಬಬೇಡಿ, ಈಗ ಅಂಬಾಸಿಡರ್ ಅಂತ ಬಂದಿದೆ, ಇನ್ನು ಲ್ಯಾಂಡ್‌ಮಾಸ್ಟರ್ ಅಂದರೆ ಹಳೇ ಮಾಡಲ್ಲು, ಕೇಳುವವರೇ ಇರೋದಿಲ್ಲ. ಆದರೆ ಅಂಬಾಸಿಡರ್ ಯಾರ ಕೈಗೂ ಸಿಕ್ಕುತ್ತಿಲ್ಲವಲ್ಲ, ಅದಕ್ಕೇ ಲ್ಯಾಂಡ್‌ಮಾಸ್ಟರನ್ನು ಎಲ್ಲರೂ ಕೇಳುತ್ತಿದ್ದಾರೆ. ಪುಟ್ಟ ಮೋರಿಸ್ ಕಾರು ಇದ್ದಿದ್ದರೆ ನಾನು ಈ ಗಳಿಗೆಯಲ್ಲೇ ಕೈ ಹಾಕುತ್ತಿದ್ದೆ. ಡಾಕ್ಟರುಗಳು ಬೇರೆ ಯಾವುದನ್ನೂ ಮುಟ್ಟೋದಿಲ್ಲ.

"ನಮ್ಮತ್ರ ಮೋರಿಸ್ ಇಲ್ಲ," ಅಂದ ಮುನಿವೆಂಕಟಪ್ಪ.

"ಅದೇ ತಪ್ಪಾಗಿರೋದು, ಸಾರ್."

ಹಿಂದಿರುಗುವಾಗ ಕೃಷ್ಣಪ್ಪ ಏನೂ ಕೇಳಲಿಲ್ಲ. ಕೇಳಿದ್ದರೂ ಮುನಿವೆಂಕಟಪ್ಪನಲ್ಲಿ ಹೇಳುವುದಕ್ಕೇನೂ ಇರಲಿಲ್ಲ. ಮನೆಗೆ ಬಂದು ಎಮ್ಮೆಯನ್ನು ಬಿಚ್ಚಿ ಚಪ್ಪರದ ಕಂಬಕ್ಕೆ ಕಟ್ಟಿದ. ಹಂಡೆಯನ್ನು ಎತ್ತಿ ಲ್ಯಾಂಡ್‌ಮಾಸ್ಟರಿನ ಪಕ್ಕ ಇಟ್ಟ. ನೋಡಿದ. ಎಮ್ಮೆಯನ್ನು ಬಿಚ್ಚಿ ಮತ್ತೆ ಹುಣಿಸೆಮರಕ್ಕೆ ಕಟ್ಟಿದ.

ಇಷ್ಟರ ಮೇಲೆ ಅಂಜಿನಯ್ಯ ಬಂದ. ಮಾಗಡಿ ರಸ್ತೆಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದವನು. ಕೃಷ್ಣಪ್ಪ ಗ್ರೀಸು ಹಾಕಿಸಲು ಹೇಳಿಕಳಿಸಿದ್ದ. ಅವನು ಪ್ಲಿಮತ್ತಿನ ಅಡಿಯಲ್ಲಿ ಮಲಗಿಕೊಂಡೇ ಭವಿಷ್ಯ ನುಡಿದ.

"ಇದನ್ನ ಮಾತ್ರ ಬುಡಬೇಡಿ, ಗೌಡ್ರೇ. ಇಂಥ ಗಾಡಿ ಇನ್ನು ನಮ್ಮ ದೇಶಕ್ಕೆ ಬರಾಕಿಲ್ಲ. ಮದುವೆಗೆ ಅಂತ ಬಾಡಿಗೆಗೆ ಕೇಳೋರೆಲ್ಲ ಇಂಥದ್ದೇ ಕೇಳ್ತಾರೆ. ಇನ್ನೈದು ವರ್ಷ ಬುಟ್ರೆ ಚಿನ್ನ."

"ಔದಾ?"

"ಔದು. ಒಂದು ಸಾಮಾನು ಹೋಗ್ದಂಗಿದ್ರೆ."

"ಹೋದ್ರೆ?"

"ಸಾಮಾನು ಸಿಗಾಕಿಲ್ಲ. ಗುಜರಿಗೆ ತೂಕದ ಮೇಲೆ ಹಾಕ್ಬೇಕು." ಅಂಜಿನಯ್ಯ ಹೊರಗೆ ತೆವಳಿ ಬಂದು ಕೈ ಒರೆಸಿಕೊಂಡ. "ಆದ್ರೆ ತೂಕ ಚೆನ್ನಾಗೈತೆ."

ಅಂದರೆ ಈ ಕಾರು ಚಿನ್ನವೂ ಹೌದು, ಗುಜರಿಯೂ ಹೌದು. ಎದುರಿನದು ಹಳತಾದ್ದರಿಂದ ಯಾರಿಗೂ ಬೇಡ, ಹೊಸದು ಸಿಗದ್ದರಿಂದ ಎಲ್ಲರಿಗೂ ಬೇಕು. ಮುನಿವೆಂಕಟಪ್ಪನಿಗೆ ಊಟ ಸೇರದಾಯಿತು. ದಾರಿಯಲ್ಲಿ ಕಾರು ಕಂಡರೆ ನಿಂತು ನೋಡುವನು. ಅದರ ಮುಖದಲ್ಲಿ ಬೆಲೆ ಎಲ್ಲಾದರೂ ಕಾಣುತ್ತದೆಯೇ ಅಂತ. ಎತ್ತಿನ ಮುಖದಲ್ಲಿ ಎಲ್ಲವೂ ಕಾಣುತ್ತದೆ. ಕಾರುಗಳ ಮುಖದಲ್ಲಿ ಕಂಡದ್ದು ಬರೀ ಹಲ್ಲು, ಅದೂ ಎಣಿಸಿ ಪ್ರಯೋಜನವಿಲ್ಲದ ಹಲ್ಲು.

ಹಂಡೆಯ ಪಾಡು ಯಾರಿಗೂ ಬೇಡ. ಬೆಳಿಗ್ಗೆ ಚಪ್ಪರದಲ್ಲಿದ್ದರೆ ಮಧ್ಯಾಹ್ನ ಹುಣಿಸೆಮರದಡಿ. ಲಕ್ಷ್ಮೀಪತಿ ಪೇಪರು ಓದಿ ಮುಗಿಸಿದ ಮೇಲೆ ಮತ್ತೆ ಚಪ್ಪರಕ್ಕೆ. ಎಮ್ಮೆಯೂ ಅತ್ತಿಂದಿತ್ತ ತಿರುಗಿ ಬೇಸತ್ತು ಹಾಲು ಕಡಿಮೆ ಮಾಡಿತು. ಅದನ್ನಿನ್ನು ಅಲುಗಿಸಬಾರದೆಂದು ಲ್ಯಾಂಡ್‌ಮಾಸ್ಟರಿನ ಕಡೆಗೇ ಬಿಟ್ಟು, ಬೆಂಚನ್ನು ಪ್ಲಿಮತ್ತಿನ ಕಡೆ ಹಾಕಿ, ಸುಲಭಕ್ಕೆ ಎತ್ತಿಡಬಹುದಾದ ಹಂಡೆಯೊಂದರಲ್ಲೇ ತಕ್ಕಡಿ ತೂಗತೊಡಗಿದ.

"ಸ್ನಾನಕ್ಕೆ ನೀರು ಕಾಯಿಸ್ಬೇಕು ಅಂದ್ರೆ ಹಂಡೆ ಎಲ್ಲೈತೆ ಅಂತ ಊರೆಲ್ಲ ಹುಡುಕಬೇಕು," ಅಂದಳು ಅಕ್ಕಯ್ಯಮ್ಮ. "ಅತ್ಲಾಗಿ ಒಂದು ಕಡೆ ಇಡಬಾರ್ದಾ?"

"ಇಡೋದಕ್ಕೇ ಕಣೇ ನೋಡ್ತಾ ಇರೋದು."

"ನಿಮ್ಮಪ್ಪ ಪಾಲು ಹಾಕ್ದಾಗ ಹಿಂಗೆಲ್ಲ ಮಾಡಿದ್ರಾ?"

ಅದೇ ಅವನನ್ನು ಕೊರೆಯುತ್ತಿದ್ದದ್ದು. ಅಪ್ಪ ಯಾರನ್ನೂ ಕೇಳಿರಲಿಲ್ಲ. ಹಾಕಿದ್ದ, ಸರಿದು ನಿಂತಿದ್ದ, ಚಿಕ್ಕಪ್ಪ ಸಂಜೆಯವರೆಗೆ ತಿಣುಕಿದ್ದ. ಕೃಷ್ಣಪ್ಪ ನಾಳೆ ಬಂದವನೇ ತಟ್ಟನೆ ಒಂದು ಬಾನೆಟ್ಟಿನ ಮೇಲೆ ಕೈಯಿಟ್ಟರೆ? ಯಾವುದರ ಮೇಲಿಟ್ಟರೂ ಊರು ನಗುತ್ತದೆ. ಇನ್ನು ಹಲಸಿನ ಹಣ್ಣು ಓರೆಯಾಗಿ ಸೀಳಿದಾಗಲೆಲ್ಲ ಜನ ಯಾರ ಹೆಸರು ಹೇಳುತ್ತಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಪಾಲಿನ ಹಿಂದಿನ ಸಂಜೆ ಅವನು ಹಂಡೆಯನ್ನು ಅತ್ತ ಒಂದು ಸಲ, ಇತ್ತ ಒಂದು ಸಲ ಇಟ್ಟು, ಕೊನೆಗೆ ಎಲ್ಲಿಟ್ಟನೋ, ಸುಸ್ತಾಗಿ ಒಳಗೆ ಹೋಗಿ ಮಲಗಿದ.

ಬೆಳಿಗ್ಗೆ ಅಂಗಳದಲ್ಲಿ ಚಾಪೆ ಹಾಸಿದರು. ಊರಿನ ಹಿರಿಯ ಯಜಮಾನ ಬಂದು ನಡುವೆ ಕೂತ. ಅವನ ಸುತ್ತ ಇನ್ನು ನಾಲ್ಕೈದು ಪಂಚೆ ಪೇಟಗಳು. ಪಾಲುಪಟ್ಟಿ ಬರೆಯಲು ಲಕ್ಷ್ಮೀಪತಿ ಮಸಿಕುಡಿಕೆ ತೆರೆದಿಟ್ಟುಕೊಂಡು ಕೂತಿದ್ದ. ಹುಣಿಸೆಮರದ ಕೆಳಗೆ ಪ್ಲಿಮತ್, ಅದರ ಬಾನೆಟ್ಟಿನ ಮೇಲೆ ಒಂದು ಮೊರದಲ್ಲಿ ಬಾವಿ ಹೊಲದ ಮಣ್ಣಿನ ಹೆಂಟೆ, ವಠಾರದ ಅರ್ಧ ಮನೆಗಳ ಬೀಗದಕೈ, ಪಕ್ಕದಲ್ಲಿ ಬೆಂಚು. ಚಪ್ಪರದಲ್ಲಿ ಲ್ಯಾಂಡ್‌ಮಾಸ್ಟರ್, ಅದರ ಮೇಲೂ ಅಂಥದೇ ಮೊರ, ಇನ್ನೊಂದು ಹೊಲದ ಮಣ್ಣು, ಮಿಕ್ಕ ಬೀಗದಕೈ, ಕಂಬಕ್ಕೆ ಎಮ್ಮೆ. ಬೋರಮ್ಮ ತನ್ನ ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದಳು. ಮುನಿವೆಂಕಟಪ್ಪ ಪದ್ಧತಿಯಂತೆ ಗೋಡೆಗೆ ಒರಗಿ ನಿಂತ.

ಕೃಷ್ಣಪ್ಪ ಬಂದ. ಅಣ್ಣನಿಗೂ ಹಿರಿಯರಿಗೂ ಕೈಮುಗಿದು ಅಂಗಳದ ನಡುವೆ ನಿಂತ. ಬಲಕ್ಕೆ ನೋಡಿದ, ಎಡಕ್ಕೆ ನೋಡಿದ.

ಕೃಷ್ಣಪ್ಪ ಕೈಯಿಡಲಿಲ್ಲ. ಪ್ಲಿಮತ್ತಿನ ಸುತ್ತ ನಡೆದ. ಹಿಂದೆ ಬಗ್ಗಿ ನೋಡಿದ. ಬಾಗಿಲು ತೆಗೆದು ಸೀಟಿನ ಕೆಳಗೆ ನೋಡಿದ. ಅಲ್ಲಿಂದ ಚಪ್ಪರಕ್ಕೆ ಹೋಗಿ ಲ್ಯಾಂಡ್‌ಮಾಸ್ಟರಿನ ಡಿಕ್ಕಿ ತೆಗೆದು, ತಲೆ ಒಳಗೆ ಹಾಕಿ ಸ್ವಲ್ಪ ಹೊತ್ತು ಹಾಗೇ ಇದ್ದ. ಎಮ್ಮೆಯ ಹಿಂದೆಯೂ ನೋಡಿದ. ಮತ್ತೆ ಬಂದು ಅಂಗಳದ ನಡುವೆ ಕುಕ್ಕರುಗಾಲಲ್ಲಿ ಕೂತು, ತಲೆ ಕೆರೆದುಕೊಂಡ.

"ತೂಕ ನೋಡ್ತಾವ್ನೆ," ಅಂದ ಯಜಮಾನ ಪಕ್ಕದವನಿಗೆ.

ಬಿಸಿಲು ಏರಿತು. ಲಕ್ಷ್ಮೀಪತಿಯ ಲೇಖನಿಯ ಮಸಿ ಒಣಗಿತು. ಕೃಷ್ಣಪ್ಪ ಎದ್ದು ಇನ್ನೊಂದು ಸುತ್ತು ಹೋಗಿ ಬಂದ. ಈ ಸಲ ಬೆಂಚನ್ನು ಎತ್ತಿ ಅದರ ಕೆಳಗೂ ನೋಡಿದ. ಅವನ ಹೆಂಡತಿ ವಿಮಲಮ್ಮ ಬಾಗಿಲಲ್ಲಿ ನಿಂತು ಕಣ್ಣರಳಿಸಿ ಏನೋ ಸನ್ನೆ ಮಾಡಿದಳು. ಕೃಷ್ಣಪ್ಪ ಭುಜ ಕುಣಿಸಿದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆದೂಗಿದರು.

"ಅಪ್ಪನ ಕೈ ಮಗಂಗೆ ಬಂದೈತೆ."

"ಎಳ್ಳಷ್ಟು ವ್ಯತ್ಯಾಸ ಇಲ್ದಂಗೆ ಹಾಕಿದ್ರೆ ಅವನಾದ್ರೂ ಏನು ಮಾಡ್ತಾನೆ ಪಾಪ."

ಮುನಿವೆಂಕಟಪ್ಪ ಹಿಗ್ಗಿದ. ಇಷ್ಟು ದಿನದ ತಿರುಗಾಟ, ಕಲಾಸಿಪಾಳ್ಯ, ಪೇಪರು, ಎಲ್ಲವೂ ಸಾರ್ಥಕ. ಯಾರೊಬ್ಬರೂ ಬೆಲೆ ಹೇಳದಿದ್ದರೂ ತಾನೇ ಹೇಗೋ ಸಮ ಮಾಡಿದೆನಲ್ಲ ಅಂದುಕೊಂಡ. ಗೋಡೆ ಬಿಟ್ಟು ನೆಟ್ಟಗೆ ನಿಂತ. ಒಂದೇ ಒಂದು ಸಂಗತಿ ಅವನಿಗೆ ಅರ್ಥವಾಗಲಿಲ್ಲ: ಕಾರಿನ ಬೆಲೆ ನೋಡುವವನು ಬೆಂಚಿನ ಕೆಳಗೆ ಯಾಕೆ ನೋಡಬೇಕು?

ನೆರಳು ಹುಣಿಸೆಮರದ ಬುಡಕ್ಕೆ ಬಂದಾಗ ಅಕ್ಕಯ್ಯಮ್ಮ ಬಚ್ಚಲಿನಿಂದ ಹೊರಗೆ ಬಂದಳು. ಅವಳ ಸೊಂಟದ ಮೇಲೆ ಹಂಡೆಯಿತ್ತು. ಬೆಳಿಗ್ಗೆ ಎಲ್ಲರ ಸ್ನಾನಕ್ಕೆ ನೀರು ಕಾಯಿಸಿ, ಆಮೇಲೆ ಹುಣಿಸೆಹಣ್ಣು ಹಾಕಿ ತಿಕ್ಕಿ ತೊಳೆದು ತಂದಿದ್ದಳು. ಪಾಲಿಗೆ ಇಡುವ ಸಾಮಾನನ್ನು ಮಸಿ ಹಿಡಿದಂತೆ ಇಟ್ಟರೆ ನಾಲ್ಕು ಜನ ಏನಂದಾರು? ಅಂಗಳದ ನಡುವೆ ನಿಂತು ಗಂಡನ ಕಡೆ ನೋಡಿ ಹುಬ್ಬು ಹಾರಿಸಿದಳು. ಯಾವ ಕಡೆ?

ಮುನಿವೆಂಕಟಪ್ಪ ಬಾಯಿಬಿಡುವ ಹಾಗಿರಲಿಲ್ಲ. ಬಿಡಬಹುದಾಗಿದ್ದರೂ ಉಪಯೋಗವಿರಲಿಲ್ಲ. ನಿನ್ನೆ ಕೊನೆಗೆ ಎಲ್ಲಿಟ್ಟಿದ್ದೆ? ಚಪ್ಪರದಲ್ಲಿಟ್ಟ ನೆನಪಿತ್ತು, ಅಲ್ಲಿಂದ ಎತ್ತಿದ ನೆನಪೂ ಇತ್ತು. ಅವನ ಮುಖ ಬರಿದಾದ ಸ್ಲೇಟಿನ ಹಾಗಿತ್ತು.

ಅಕ್ಕಯ್ಯಮ್ಮ ಒಂದು ಗಳಿಗೆ ಕಾದಳು. ಹಂಡೆ ಭಾರವಾಗಿತ್ತು; ಕಾಲು ಸುಡುತ್ತಿತ್ತು. ಹತ್ತಿರದಲ್ಲಿ ನೆರಳಿದ್ದದ್ದು ಹುಣಿಸೆಮರದ ಕೆಳಗೆ. ಹೋಗಿ ಪ್ಲಿಮತ್ತಿನ ಪಕ್ಕ ಧಡ್ಡನೆ ಇಳಿಸಿ, ಸೆರಗಿನಲ್ಲಿ ಕತ್ತು ಒರೆಸಿಕೊಂಡು ಒಳಗೆ ನಡೆದಳು.

ಅವಳು ಹೊಸಿಲು ದಾಟುವುದರೊಳಗೆ ಕೃಷ್ಣಪ್ಪ ಎದ್ದಿದ್ದ. ನೆಟ್ಟಗೆ ಬಂದು ಪ್ಲಿಮತ್ತಿನ ಬಾನೆಟ್ಟಿನ ಮೇಲೆ ಕೈಯಿಟ್ಟು, "ಇದು ನಂದು," ಅಂದ.

ಹಿರಿಯರು ಬಹಳ ಹೊತ್ತಿನಿಂದ ಹಿಡಿದಿದ್ದ ಕೆಮ್ಮನ್ನೆಲ್ಲ ಒಟ್ಟಿಗೆ ಕೆಮ್ಮಿದರು. ಯಜಮಾನ ಎದ್ದು ಮುನಿವೆಂಕಟಪ್ಪನ ಬೆನ್ನು ತಟ್ಟಿ, "ನಿಮ್ಮಪ್ಪ ಇದ್ದಿದ್ರೆ ನೋಡ್ಬೇಕಾಗಿತ್ತು," ಅಂದ. ಪಾಲುಪಟ್ಟಿ ಬರೆದರು. ಅವರೆಕಾಳಿನ ಸಾರು, ಮುದ್ದೆ ಊಟವಾಯಿತು. ವಿಮಲಮ್ಮ ಹೊರಗೆ ಬಂದು ಹಂಡೆಯನ್ನು ಬೆರಳಿನಿಂದ ಒಂದು ಸಲ ತಟ್ಟಿ, ಅದರ ನಾದ ಕೇಳಿ, ತೃಪ್ತಿಯಿಂದ ತನ್ನ ಅರ್ಧದ ಬಚ್ಚಲಿಗೆ ಸಾಗಿಸಿದಳು.

ಹಿರಿಯರು ಹೋದ ಮೇಲೆ ಮುನಿವೆಂಕಟಪ್ಪ ತಮ್ಮನನ್ನು ಹುಣಿಸೆಮರದ ಕೆಳಗೆ ಹಿಡಿದ.

"ಲೋ ಕೃಷ್ಣ. ನಿಜ ಹೇಳು. ನೀನು ನೋಡ್ತಾ ಇದ್ದಿದ್ದು ಹಂಡೇನಾ?"

ಕೃಷ್ಣಪ್ಪ ಕಾಲಿನಿಂದ ಟೈರನ್ನು ಒತ್ತಿದ. "ಅದು ಎರಡೂ ಕಡೆ ಕಾಣ್ಲಿಲ್ಲ ಕಣಣ್ಣ. ಕೇಳೋ ಹಂಗಿಲ್ಲ. ನಮ್ಮನೆಯೋಳು ಬೇರೆ, ಹಂಡೆ ಎಲ್ಲೈತೋ ಅದೇ ತಗೋ ಅಂತ ಹೇಳಿದ್ಲು."

"ಅಷ್ಟು ದೊಡ್ಡ ಎರಡು ಕಾರು ಮುಂದೆ ನಿಂತವೆ, ನೀನು ಹಂಡೆ ನೋಡ್ತೀಯಲ್ಲೋ."

"ಕಾರಿನ ಬೆಲೆ ಕೇಳಕ್ಕೆ ನಾನೂ ಕಲಾಸಿಪಾಳ್ಯಕ್ಕೆ ಹೋಗಿದ್ದೆ, ನಿನಗೆ ಗೊತ್ತಿಲ್ದಂಗೆ."

"ಏನಂದ?"

"ಮಾರೋದಾ ಕೊಳ್ಳೋದಾ ಅಂದ." ಕೃಷ್ಣಪ್ಪ ನಕ್ಕ. "ಆರು ಜನರನ್ನ ಕೇಳ್ದೆ, ಏಳು ಬೆಲೆ ಹೇಳಿದ್ರು. ಹಂಡೆ ಹಂಗಲ್ಲ ನೋಡು. ಬಳೇಪೇಟೆಗೆ ಹೋಗಿ ತಾಮ್ರ ಅಂದ್ರೆ ಯಾವ ಅಂಗಡಿಯವನಾದ್ರೂ ತಲೆ ಎತ್ತದೆ ಒಂದೇ ಬೆಲೆ ಹೇಳ್ತಾನೆ. ನಮಗೆ ಗೊತ್ತಿರೋದು ಅದೊಂದೇ ತಾನೆ."

"ಹಂಗಾದ್ರೆ ಪಾಲು ಸಮವಾಗಿತ್ತಾ, ಇಲ್ವಾ?"

ಕೃಷ್ಣಪ್ಪ ಪ್ರಾಮಾಣಿಕವಾಗಿ ಯೋಚಿಸಿದ. ಪ್ಲಿಮತ್ತನ್ನು ನೋಡಿದ, ಚಪ್ಪರದಲ್ಲಿದ್ದ ಲ್ಯಾಂಡ್‌ಮಾಸ್ಟರನ್ನು ನೋಡಿದ. "ಗೊತ್ತಿಲ್ಲ ಕಣಣ್ಣ," ಅಂದ. ಆಮೇಲೆ, "ನಾಳೆ ನಿನ್ನ ಕಾರು ತೊಳೆಯೋದೂ ಓಡಿಸೋದೂ ನಾನೇ ತಾನೆ?" ಅಂದು ಒಳಗೆ ಹೋದ.

ಸಂಜೆ ಮುನಿವೆಂಕಟಪ್ಪ ಜಗಲಿಯ ಮೇಲೆ ತಾಯಿಯ ಪಕ್ಕ ಕೂತ. ದಾರಿಯಲ್ಲಿ ಹೋಗುವವರು ನಿಂತು, "ಚೆನ್ನಾಗಿ ಹಾಕಿದ್ಯಂತೆ ಪಾಲು," ಅಂತ ಹೇಳಿ ಹೋಗುತ್ತಿದ್ದರು. ಅವನು ಪ್ರತಿ ಸಲವೂ ತಲೆಯಾಡಿಸಿ, ಮತ್ತೆ ಎದುರಿನ ಲ್ಯಾಂಡ್‌ಮಾಸ್ಟರಿನ ಕಡೆ ನೋಡುವನು. ತಾನು ಗೆದ್ದೆನೋ ಸೋತೆನೋ ಅವನಿಗೆ ತಿಳಿಯಲಿಲ್ಲ. ಸೋತಿದ್ದರೆ ಎಷ್ಟು ಸೋತೆ ಅನ್ನುವುದೂ ತಿಳಿಯಲಿಲ್ಲ.

"ಅವ್ವ," ಅಂದ ಕೊನೆಗೆ. "ಅಪ್ಪನ ಪಾಲು ಮಾತ್ರ ನಿಜವಾಗ್ಲೂ ಸಮವಾಗಿತ್ತು ಅಲ್ವಾ? ಚಿಕ್ಕಪ್ಪ ದನ ಬರೋಗಂಟ ತಿಣುಕಿದ್ನಂತೆ."

ಬೋರಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. "ತಿಣುಕಿದ್ದೆಲ್ಲಿ ಬಂತು? ಅವನು ಕಾಯ್ತಾ ಇದ್ದದ್ದೇ ದನಕ್ಕೆ. ಕೆಂಪಿ ಅಂತ ಒಂದು ಹಸ ಇತ್ತು, ಬಲೇ ಹಾಲಿನ ಹಸ. ಮೇಯಕ್ಕೆ ಹೋಗಿತ್ತು. ಅದು ಬಂದ ಮೇಲೆ ಯಾವ ಗೂಟಕ್ಕೆ ಕಟ್ತಾರೋ ಆ ಪಾಲು ತಗೊಳಾಣ ಅಂತ ಕೂತಿದ್ದ."

"ಅಪ್ಪಂಗೆ ಗೊತ್ತಿತ್ತಾ?"

"ನಿಮ್ಮಪ್ಪಂಗೆ ಯಾರು ಹೇಳ್ತಾರೆ? ಊರೆಲ್ಲ ಹೊಗಳ್ತಿತ್ತು."

"ಅಪ್ಪ ಕೆಂಪಿನ ಯಾವ ಪಾಲಿಗೆ ಅಂತ ಹಾಕಿದ್ದ?"

"ಯಾವುದಕ್ಕೋ ಹಾಕಿದ್ದ. ಕಟ್ಟಿದೋಳು ನಾನು. ಯಾವ ಗೂಟಕ್ಕೆ ಅಂತ ಯಾರೂ ಹೇಳಿರ್ಲಿಲ್ಲ." ಎಲೆ ಮಡಿಸಿ ಬಾಯಿಗಿಟ್ಟುಕೊಂಡು, ಸ್ವಲ್ಪ ಅಗಿದು, ಮುಗಿಸಿದಳು. "ಹತ್ತಿರದ್ದಕ್ಕೆ ಕಟ್ಟಿದೆ."

ಬೀದಿಯ ತಿರುವಿನಲ್ಲಿ ದನಗಳ ಗೊರಸಿನ ಸದ್ದು ಕೇಳಿಸಿತು. ಗೋಡೆಯ ಆಚೆ ವಿಮಲಮ್ಮನ ಬಚ್ಚಲಿನಲ್ಲಿ ಹಂಡೆಗೆ ನೀರು ಸುರಿಯುತ್ತಿದ್ದರು. ಮುನಿವೆಂಕಟಪ್ಪ ಎದ್ದು, ಚಪ್ಪರಕ್ಕೆ ಹೋಗಿ, ಲ್ಯಾಂಡ್‌ಮಾಸ್ಟರಿನ ಹಿಂದಿನ ಬಾಗಿಲು ತೆಗೆದು, ಅಪ್ಪ ಕೂರುತ್ತಿದ್ದ ಹಾಗೆ ಒಂದು ಮೂಲೆಗೆ ಒತ್ತಿಕೊಂಡು ಕೂತ. ಪಕ್ಕದಲ್ಲಿ ಒಂದು ಹುಲ್ಲಿನ ಹೊರೆಗೆ ಜಾಗ ಬಿಟ್ಟಿದ್ದ.